ಪಿಸುರಾಯ ಹೇಳಿಕೊಟ್ಟ ಉತ್ತರಗಳು

ಮಾರ್ಚ್ ೫

ಎಲೈ ಮೀಟರಮ್ಮ,

ಗಾಳಿ ಅಳೆಯುವ ನಿನ್ನ ಆ ತಿರುಗು ಬಟ್ಟಲುಗಳನ್ನು ಒಂದು ಗಳಿಗೆ ಮರೆತು, ಕಡಲ ನಡುವಿನ ಆ ಬೋಳು ಬಂಡೆಯ ಮೇಲೆ ಕಾಲೂರಿ ನಿಂತು ಕೇಳು. ನಿನ್ನಣ್ಣ ಬದುಕಿದ್ದಾನೆ! ಬದುಕಿದ್ದಾನೆ ಅಷ್ಟೇ ಅಲ್ಲ, ಏಪ್ರಿಲ್ ಇಪ್ಪತ್ತಾರಕ್ಕೆ ಮುದಿ ಅರಸನ ಕಿರೀಟ ತೊಟ್ಟು ರಂಗಕ್ಕೆ ಬರಲಿದ್ದಾನೆ. ನಾಲ್ಕು ಅಂಕ, ಒಂಬೈನೂರು ಸಾಲು, ಅದರಲ್ಲಿ ಆರುನೂರು ನನ್ನವು. ಮಿಕ್ಕದ್ದನ್ನು ಮಿಕ್ಕವರು ಕಿತ್ತಾಡಿಕೊಂಡು ಹಂಚಿಕೊಳ್ಳಲಿ.

ತಲೆಯ ಸಮಾಚಾರ ನೀನು ಕೇಳಿದ್ದೆ. ಆಪರೇಷನ್ ಆಗಿ ಇಂದಿಗೆ ಸರಿಯಾಗಿ ಎರಡು ತಿಂಗಳು. ಡಾಕ್ಟರಮ್ಮ ತೊಡೆಯ ಸಂದಿಯಿಂದ ಸಣ್ಣ ನಳಿಗೆ ತೂರಿಸಿ, ಎದೆ ದಾಟಿ, ಕೊರಳು ದಾಟಿ, ತಲೆಯ ಎಡಗಡೆಯ ರಕ್ತನಾಳದೊಳಕ್ಕೆ ಹೋಗಿ, ಅಲ್ಲಿ ಗುಳ್ಳೆಯಂತೆ ಉಬ್ಬಿದ್ದ ಜಾಗಕ್ಕೆ ಅಡ್ಡಲಾಗಿ ಬಲೆಯಂಥ ಸ್ಟೆಂಟ್ ಕೂರಿಸಿ ಬಂದಿದ್ದಾರೆ. ಉಬ್ಬಿದ ಗೋಡೆ ಒಡೆಯದಂತೆ ಒಳಗಿನಿಂದ ಕೊಟ್ಟ ಆಸರೆ. "ಒಡೆದಿದ್ರೆ?" ಅಂದೆ. "ಈ ಪ್ರಶ್ನೆ ಕೇಳೋಕೆ ನೀವು ಇರ್ತಿರಲಿಲ್ಲ," ಅಂದರು. ಆಹಾ, ಎಂಥ ಸಂಭಾಷಣೆ! ಬರೆದ ಮಹಾಶಯ ಯಾರೋ!

ಬಲೆಯ ಮೇಲೆ ರಕ್ತ ಹೆಪ್ಪುಗಟ್ಟಬಾರದೆಂದು ದಿನಕ್ಕೆರಡು ಮಾತ್ರೆ. ಬಿಳಿಯದೊಂದು, ಗುಲಾಬಿಯದೊಂದು. ಅವುಗಳ ದೆಸೆಯಿಂದ ಮುಟ್ಟಿದಲ್ಲೆಲ್ಲ ಮೈ ನೀಲಿ. ಮೊನ್ನೆ ತಾಲೀಮಿನಲ್ಲಿ ಸೈನಿಕ ಪಾತ್ರದವನು ನನ್ನ ರಟ್ಟೆ ಹಿಡಿದದ್ದಷ್ಟೇ, ಮರುದಿನ ಐದು ಬೆರಳೂ ಅಚ್ಚಾಗಿದ್ದವು. ನಿನ್ನೆ ಎರಡನೇ ಅಂಕದ ಅಬ್ಬರದಲ್ಲಿ ಮೂಗಿನಿಂದ ರಕ್ತ ಇಳಿದು ಬಿಳಿ ಗಡ್ಡವೆಲ್ಲ ಕೆಂಪಾಯಿತು. ಮರೆತ ಸಾಲು ಹೇಳಿಕೊಡುವ ನಮ್ಮ ಪ್ರಾಂಪ್ಟರ್ ಪಿಸುರಾಯ ಪರದೆ ಮರೆಯಿಂದ, "ಅರಸ ಸಾಯೋದು ನಾಲ್ಕನೇ ಅಂಕದಲ್ಲಿ ಕಣೋ, ಸ್ವಲ್ಪ ತಡ್ಕೋ!" ಅಂದ. ಇಡೀ ಕಂಪನಿ ಬಿದ್ದುಬಿದ್ದು ನಕ್ಕಿತು.

ನಿನ್ನತ್ತಿಗೆ ಮಾತ್ರ ನಗಲಿಲ್ಲ. ಗಡ್ಡ ತೊಳೆಯುವವಳು ಅವಳೇ ತಾನೆ.

ನಿನ್ನ ಗುಡುಗಣ್ಣ


ಮಾರ್ಚ್ ೧೦

ಗುಡುಗಣ್ಣನಿಗೆ,

ಇವತ್ತು ದೋಣಿ ಬಂತು. ಹಿಟ್ಟು, ಸೀಮೆಎಣ್ಣೆ, ನಿನ್ನ ಪತ್ರ ಬಂದವು. ಅದು ಮಧ್ಯಾಹ್ನ ಹೊರಡುವುದರೊಳಗೆ ಉತ್ತರ ಬರೆಯಬೇಕು. ತಪ್ಪಿದರೆ ಇನ್ನು ಹತ್ತು ದಿನ.

ಮೂಗಿನ ರಕ್ತದ ವಿಷಯ ಡಾಕ್ಟರಮ್ಮನಿಗೆ ಹೇಳಿದೆಯಾ? ಎರಡೂ ಮಾತ್ರೆಗಳನ್ನು ತಪ್ಪದೆ ತೆಗೆದುಕೊಳ್ಳುತ್ತಿದ್ದೀಯಾ? ಈ ಎರಡಕ್ಕೆ ಉತ್ತರ ಬೇಕು, ಸಂಭಾಷಣೆ ಬೇಡ.

ನೀನು ನಗಿಸುತ್ತೀಯ, ನಾನು ನಗುತ್ತೇನೆ. ಆಮೇಲೆ ಇಲ್ಲಿ ಕುಳಿತು ಪತ್ರವನ್ನು ಮತ್ತೆ ಓದಿದಾಗ ನಗು ಇರುವ ಜಾಗದಲ್ಲೆಲ್ಲ ಏನೋ ಮುಚ್ಚಿಟ್ಟ ಹಾಗೆ ಕಾಣುತ್ತದೆ. ಮೂರು ಗಂಟೆಗೊಮ್ಮೆ ಗಾಳಿಯ ಒತ್ತಡ ನೋಡಿ ಇದ್ದದ್ದು ಇದ್ದ ಹಾಗೆ ಬರೆಯುವವಳು ನಾನು. ಅಂಕಿ ಚೆಂದ ಕಾಣಲಿ ಎಂದು ಒಂದನ್ನೂ ತಿದ್ದುವ ಹಾಗಿಲ್ಲ. ನೀನೂ ಹಾಗೆಯೇ ಬರೆ.

ತಂಗಿ


ಮಾರ್ಚ್ ೧೬

ಅಂಕಿಗಳ ಮಹಾರಾಣಿಗೆ ಶರಣು!

ಬರೆಯುತ್ತೇನೆ ತಾಯಿ, ಇದ್ದದ್ದು ಇದ್ದ ಹಾಗೆಯೇ ಬರೆಯುತ್ತೇನೆ. ಮೊನ್ನೆ ಮೂರನೇ ಅಂಕ. ಸಿಂಹಾಸನದಿಂದ ಎದ್ದು, "ತನ್ನಿ ನನ್ನ ಖಡ್ಗವನ್ನು!" ಎಂದು ಗರ್ಜಿಸಬೇಕು. ಎದ್ದೆ. ಕೈ ಚಾಚಿದೆ. ಖಡ್ಗ ಎದುರಿಗೇ ಇದೆ, ಹೊಳೆಯುತ್ತಿದೆ. ಅದರ ಹೆಸರಿಲ್ಲ! ಸಾಲು ಮರೆತದ್ದಲ್ಲ, ಸಾಲು ಮರೆಯುವುದು ನನಗೆ ಹೊಸದೇ? ಆ ವಸ್ತುವಿಗೊಂದು ಹೆಸರಿದೆ ಎಂಬುದೇ ತಲೆಯಿಂದ ಎದ್ದು ಹೋಗಿತ್ತು. ಬಲಗೈ ಬೆರಳುಗಳಲ್ಲಿ ಜೋಮು. ಪಿಸುರಾಯ ಮರೆಯಿಂದ "ಖಡ್ಗ, ಖಡ್ಗ" ಎಂದ. ಕೇಳಿಸಿತು, ನಾಲಿಗೆಗೆ ಹತ್ತಲಿಲ್ಲ. ಆಗ ರಾಣಿ ಪಾತ್ರದವಳು ಮುಂದೆ ಬಂದು, "ಪ್ರಭುಗಳು ಖಡ್ಗವನ್ನು ಕೇಳುತ್ತಿದ್ದಾರೆ, ಕಾಣಿಸುವುದಿಲ್ಲವೇ!" ಎಂದು ಸೈನಿಕನನ್ನು ಗದರಿದಳು. ಎಷ್ಟು ಚೆನ್ನಾಗಿ ಕೂತಿತೆಂದರೆ, ನಾಟಕದಲ್ಲಿ ಹಾಗೆಯೇ ಇಟ್ಟುಬಿಡೋಣ ಎಂದರು ಎಲ್ಲರೂ.

ಐದು ನಿಮಿಷದಲ್ಲಿ ಎಲ್ಲ ಸರಿಹೋಯಿತು. ದಣಿವು ಅಷ್ಟೇ.

ನಮ್ಮ ಕಂಪನಿಗೆ ಇರುವುದು ಒಂದೇ ಕಾನೂನು: ಯಾರು ಎಡವಿದರೂ ನೋಡುವವರಿಗೆ ಗೊತ್ತಾಗಬಾರದು. ಒಬ್ಬ ಬಿದ್ದರೆ ಹತ್ತು ಜನ ಅದನ್ನು ಕುಣಿತ ಮಾಡಿಬಿಡುತ್ತಾರೆ. ಮೂವತ್ತು ವರ್ಷದಿಂದ ಹೀಗೆಯೇ ಬದುಕಿದ್ದೇವೆ. ಹೆದರಬೇಡ.

ಗುಡುಗು


ಮಾರ್ಚ್ ೨೦

ಅಣ್ಣ,

ಅದು ದಣಿವಲ್ಲ. ಅದಕ್ಕೆ ಏನೆನ್ನುತ್ತಾರೋ ಡಾಕ್ಟರಮ್ಮ ಹೇಳಲಿ, ನೀನು ಹೇಳಬೇಡ. ಬಲೆ ಇರುವುದು ತಲೆಯ ಎಡಗಡೆ. ಮಾತಿನ ಜಾಗ ಅಲ್ಲೇ ಪಕ್ಕದಲ್ಲಿದೆ, ಬಲಗೈಯನ್ನು ಆಡಿಸುವುದೂ ಅದೇ ಕಡೆ ಎಂದು ಆಪರೇಷನ್ನಿಗೆ ಮೊದಲು, ನಾನು ರಜೆ ಹಾಕಿ ಬಂದಿದ್ದಾಗ, ನಮ್ಮಿಬ್ಬರನ್ನೂ ಕೂರಿಸಿ ಚಿತ್ರ ಬರೆದು ತೋರಿಸಿದ್ದರು. ನೀನು ಆಗ ಗೋಡೆಯ ಕನ್ನಡಿಯಲ್ಲಿ ಮೀಸೆ ನೋಡಿಕೊಳ್ಳುತ್ತಿದ್ದೆ. ನಾನು ಚಿತ್ರ ನೋಡುತ್ತಿದ್ದೆ.

ಏಪ್ರಿಲ್ ಐದಕ್ಕೆ ಮೂರು ತಿಂಗಳ ತಪಾಸಣೆ ಇದೆ. ಅಷ್ಟು ದಿನ ಕಾಯಬೇಡ, ನಾಳೆಯೇ ಹೋಗು. ಖಡ್ಗದ ವಿಷಯ ಹೇಳು, ಬೆರಳಿನ ಜೋಮು ಹೇಳು, ಮೂಗಿನ ರಕ್ತ ಹೇಳು. ಮಾತ್ರೆಯ ಬಗ್ಗೆ ಕೇಳಿದ್ದಕ್ಕೆ ನೀನು ಉತ್ತರವನ್ನೇ ಕೊಟ್ಟಿಲ್ಲ. ಅದನ್ನೂ ಗಮನಿಸಿದ್ದೇನೆ.

ತಂಗಿ


ಮಾರ್ಚ್ ೩೦

ಅಣ್ಣ,

ದೋಣಿ ಬಂತು. ನಿನ್ನ ಪತ್ರ ಇಲ್ಲ. ಚೀಲವನ್ನು ತಿರುವಿಹಾಕಿ ಕೊಡವಿ ನೋಡಿದೆ. ಕಳೆದ ಸಲ ಗದರಿಸಿ ಬರೆದೆನೆಂದು ಕೋಪವೇ? ಕೋಪವಿದ್ದರೆ ಇರಲಿ. ಬೈದಾದರೂ ನಾಲ್ಕು ಸಾಲು ಹಾಕು.


ಏಪ್ರಿಲ್ ೫

ಮೀಟರಮ್ಮ, ಪರದೆ ಎಳೆ! ದೀಪ ಹಚ್ಚು! ನಿನ್ನಣ್ಣ ತನ್ನ ಜೀವಮಾನದ ಪಾತ್ರ ಮಾಡಿ ಈಗ ತಾನೇ ಮನೆಗೆ ಬಂದಿದ್ದಾನೆ!

ಕೋಪವಿಲ್ಲ ಕಣೇ ಹುಚ್ಚಿ. ಹೋದ ವಾರ ಬರೆಯಲು ಕೂತೆ, ಪೆನ್ನು ಬೆರಳಿನಿಂದ ಜಾರಿ ಜಾರಿ ಬಿತ್ತು. ಕೈ ಎರಡು ದಿನ ಬಂಡಾಯವೆದ್ದಿತ್ತು. ಈಗ ಶರಣಾಗಿದೆ.

ಇವತ್ತು ತಪಾಸಣೆ. ನಿನ್ನತ್ತಿಗೆ ತಾನೂ ಬರುತ್ತೇನೆಂದು ಹಟ ಹಿಡಿದಳು. ನೀನು ಬೇಡ ಎಂದು ಹೇಳಿ ಪಿಸುರಾಯನನ್ನು ಕರೆದುಕೊಂಡು ಹೋದೆ. ಡಾಕ್ಟರಮ್ಮನ ಕೋಣೆ ನಮ್ಮ ಬಣ್ಣದ ಕೋಣೆಗಿಂತ ಚಿಕ್ಕದು. ನಾನು ಮೇಜಿನ ಮುಂದೆ, ಅವನು ನನ್ನ ಬೆನ್ನ ಹಿಂದೆ ಸ್ಟೂಲಿನ ಮೇಲೆ.

"ಇವರು?"

"ನನ್ನ ತಮ್ಮ. ಪಾಪ, ಹುಟ್ಟು ಮೂಗ."

ಡಾಕ್ಟರಮ್ಮ ಅವನತ್ತ ಕರುಣೆಯಿಂದ ನೋಡಿದರು. ಆಮೇಲೆ ಒಂದೊಂದೇ ಸಾಮಾನು ಎತ್ತಿ ಹಿಡಿದರು.

"ಇದೇನು?"

"ಪೆನ್ನು."

"ಇದು?"

"ಗಡಿಯಾರ."

"ಇದು?"

ನೋಡಿದೆ. ಹಿತ್ತಾಳೆಯದು, ಹಲ್ಲುಗಳಿವೆ, ದಿನಾ ಜೇಬಿನಲ್ಲಿಟ್ಟುಕೊಂಡು ಓಡಾಡುವಂಥದ್ದು. ಹೆಸರು ಮಾತ್ರ ಊರು ಬಿಟ್ಟಿತ್ತು! ಆಗ ಬೆನ್ನ ಹಿಂದಿನಿಂದ, ತುಟಿ ಅಲುಗದೆ, ಉಸಿರಿನಷ್ಟೇ ಸಣ್ಣಗೆ, ಮೂವತ್ತು ವರ್ಷ ನನ್ನ ಎಡಗಿವಿಯೊಂದಕ್ಕೇ ಪಳಗಿದ ಆ ದನಿ: "ಕೀಲಿಕೈ."

"ಕೀಲಿಕೈ!" ಎಂದು ಗೋಡೆ ನಡುಗುವಂತೆ ಗುಡುಗಿದೆ.

"ಅಷ್ಟು ಜೋರಾಗಿ ಬೇಡ," ಎಂದು ಡಾಕ್ಟರಮ್ಮ ನಕ್ಕರು. "ಇವತ್ತು ಯಾವ ವಾರ?" ಹೇಳಿದೆವು. "ನೂರರಿಂದ ಏಳು ಕಳೆದ್ರೆ?" ಹೇಳಿದೆವು. "ಮಾತು ತೊದಲಿದ್ದುಂಟಾ? ಕೈ ಜೋಮು?" "ಇಲ್ಲ ತಾಯಿ." "ಎರಡೂ ಮಾತ್ರೆ ತಗೋತಿದ್ದೀರಿ ತಾನೆ?" "ತಪ್ಪದೆ."

ಇದು ಪಿಸುರಾಯನನ್ನು ಬಿಟ್ಟರೆ ನಿನಗೊಬ್ಬಳಿಗೇ ಗೊತ್ತಿರಲಿ. ಗುಲಾಬಿ ಮಾತ್ರೆಯನ್ನು ಮಾರ್ಚ್ ಎಂಟಕ್ಕೇ ಬಿಟ್ಟಿದ್ದೇನೆ. ಅರಸನ ಗಡ್ಡ ಅಂಕಕ್ಕೊಮ್ಮೆ ಕೆಂಪಾದರೆ ನಾಟಕ ಆಡುವುದು ಹೇಗೆ? ಬಿಟ್ಟ ಮೇಲೆ ಮೂಗು ತಣ್ಣಗಿದೆ. ನಾಟಕ ಮುಗಿದ ಮರುದಿನದಿಂದ ಮತ್ತೆ ಶುರು.

"ತೊಂದರೆ ಏನಾದ್ರೂ ಇದ್ದಿದ್ರೆ ಇವತ್ತೇ ಸ್ಕ್ಯಾನ್ ಮಾಡಿಸ್ತಿದ್ದೆ. ಚೆನ್ನಾಗಿದ್ದೀರಿ. ಜುಲೈನಲ್ಲಿ ನೋಡೋಣ," ಎಂದು ಚೀಟಿ ಬರೆದು ಕೊಟ್ಟರು ಡಾಕ್ಟರಮ್ಮ. ಗೆದ್ದೆವು!

ಹೊರಗೆ ಬಂದು ಮೆಟ್ಟಿಲ ಮೇಲೆ ಪಿಸುರಾಯನನ್ನು ತಬ್ಬಿಕೊಂಡೆ. ಅವನು ಬಿಡಿಸಿಕೊಂಡ. "ಇದು ನಾಟಕ ಅಲ್ಲ ಕಣೋ," ಅಂದ. "ಅವ್ರು ನೋಡೋಕೆ ಟಿಕೆಟ್ ತಗೊಂಡು ಬಂದವರಲ್ಲ." ಹೆದರುಪುಕ್ಕಲ! ನಗಿಸಿ ನಗಿಸಿ ಮನೆಗೆ ಕಳಿಸಿದೆ.

ನಿನ್ನತ್ತಿಗೆಗೆ ಒಂದಕ್ಷರವೂ ಬರೆಯಕೂಡದು.

ಗೆದ್ದು ಬಂದ ಗುಡುಗು


ಏಪ್ರಿಲ್ ೯

ಅಣ್ಣ,

ಈಗಲೇ ಆಸ್ಪತ್ರೆಗೆ ಹೋಗು. ಇದನ್ನು ಓದಿ ಮುಗಿಸಿ ಅಲ್ಲ, ಓದುತ್ತಿರುವಾಗಲೇ ಹೋಗು.

ಈ ಕಾಗದ ನಿನ್ನ ಕೈ ಸೇರುವುದು ಹನ್ನೆರಡನೇ ತಾರೀಕು. ಅದು ನನಗೆ ಗೊತ್ತು. ಇನ್ನೇನೂ ಬರೆಯಲಾರೆ. ದೋಣಿಯವರು ಕೂಗುತ್ತಿದ್ದಾರೆ.


ಏಪ್ರಿಲ್ ೧೬

ತಂಗಿಗೆ,

ಎಡಗೈ ಬರಹ. ತಪ್ಪು ಅಕ್ಷರ ನಿನ್ನತ್ತಿಗೆ ತಿದ್ದಿದ್ದಾಳೆ. ಒಂದು ಸಾಲಿಗೆ ಹತ್ತು ನಿಮಿಷ.

ಹತ್ತನೇ ತಾರೀಕು ಬೆಳಗ್ಗೆ ಡಾಕ್ಟರಮ್ಮನ ಫೋನು. "ಗುಲಾಬಿ ಮಾತ್ರೆ ಬಿಟ್ಟಿದ್ದೀರಂತೆ. ಹಿಂದೆ ಕೂತಿದ್ದವರು ಮೂಗರಲ್ಲವಂತೆ. ಅರ್ಧ ಗಂಟೇಲಿ ಬರದಿದ್ರೆ ಆಂಬುಲೆನ್ಸ್ ಕಳಿಸ್ತೀನಿ." ಬೈಯಲು ಬಾಯಿ ತೆರೆದೆ. ನಿನ್ನತ್ತಿಗೆ ಫೋನು ಕಸಿದುಕೊಂಡಳು. ಹೋದೆವು.

ಸ್ಕ್ಯಾನ್. ಬಲೆಯೊಳಗೆ ರಕ್ತ ಹೆಪ್ಪುಗಟ್ಟಿತ್ತು. ದಾರಿ ದಾರದಷ್ಟು. ವಾರ್ಡಿನಲ್ಲಿ ಕಾಯುತ್ತಿದ್ದಾಗಲೇ ಬಲಗಡೆ ಎಲ್ಲ ಹೋಯಿತು. ನೀರು ಕೇಳಬೇಕು. ನೀರು ಎಂಬುದಿಲ್ಲ. ನನ್ನ ಹೆಸರಿಲ್ಲ. ದನಿ ಇತ್ತು ಕಣೇ, ಮಾತಿರಲಿಲ್ಲ. ಹಸುವಿನಂತೆ ಕೂಗಿದೆನಂತೆ.

ಓಡಿಸಿಕೊಂಡು ಹೋಗಿ ನಾಳ ಬಿಡಿಸಿದರು. ಮನೆಯಲ್ಲಿ ಹೀಗಾಗಿದ್ದರೆ ಮುಗಿದೇ ಹೋಗುತ್ತಿತ್ತು ಅಂದರು. ಕಾಲು ಬಂದಿದೆ. ಕೈ ಅರ್ಧ. ಬರೆಯುವುದು ಹೀಗೆ ಬರುತ್ತದೆ. ಆಡುವುದು ನಾಲ್ಕು ಮಾತು, ಐದು ಮಾತು.

ಅರಸನ ಪಾತ್ರ ಸೈನಿಕ ಮಾಡುವವನಿಗೆ ಕೊಟ್ಟರು.

ಡಾಕ್ಟರಮ್ಮನಿಗೆ ಹೇಳಿದ್ದು ಯಾರು? ಗೊತ್ತಿದ್ದದ್ದು ಮೂರು ಜನಕ್ಕೆ. ನಾನು. ನೀನು ಬಂಡೆಯ ಮೇಲೆ, ನಿನ್ನ ಕಾಗದ ಬಂದದ್ದು ಹನ್ನೆರಡಕ್ಕೆ. ಉಳಿದವನು ಅವನು. ಮೂವತ್ತು ವರ್ಷ ನನ್ನ ಕಿವಿಯಲ್ಲಿದ್ದವನು.


ಏಪ್ರಿಲ್ ೧೯

ಅಣ್ಣ,

ನೀನು ಬದುಕಿದ್ದೀಯ. ದೋಣಿಕಟ್ಟೆಯಲ್ಲೇ ಕುಳಿತು ಓದಿದೆ. ಹನ್ನೆರಡು ಗಂಟೆಯ ಒತ್ತಡ ಬರೆಯುವುದನ್ನು ಮರೆತೆ. ಆರು ವರ್ಷದಲ್ಲಿ ಮೊದಲ ಸಲ ದಾಖಲೆ ಪುಸ್ತಕದ ಆ ಮನೆ ಖಾಲಿ ಉಳಿಯಿತು.

ಹೇಳಿದ್ದು ಯಾರಾದರೇನು? ಹೇಳಿದ್ದರಿಂದ ನೀನು ಉಳಿದೆ. ಪಿಸುರಾಯನ ಮೇಲೆ ಹರಿಹಾಯಬೇಡ. ಅದನ್ನೆಲ್ಲ ಈಗ ಕೆದಕಬೇಡ. ಕೈಗೆ ವ್ಯಾಯಾಮ ಮಾಡು, ಮಾತ್ರೆ ತಗೋ, ಮಲಗು.

ತಂಗಿ


ಏಪ್ರಿಲ್ ೨೫

ತಂಗಿ,

ನಿನ್ನ ಕಾಗದ ತಡವಾಗಿ ಬಂತು. ಇಪ್ಪತ್ತೊಂದಕ್ಕೇ ಅವನು ಬಂದಿದ್ದ. ಕಂಕುಳಲ್ಲಿ ನಾಟಕದ ಹಸ್ತಪ್ರತಿ. ವಾರ್ಡಿನ ಬಾಗಿಲಲ್ಲಿ ನಿಂತ. ನಾನು ಬೆರಳು ತೋರಿಸಿದೆ, ಅವನ ಕಡೆಗೆ. ಆಮೇಲೆ ನನ್ನ ಕಿವಿಗೆ. ಆಮೇಲೆ ಬಾಗಿಲಿಗೆ. ಅರ್ಥವಾಯಿತು ಅವನಿಗೆ. ಅಲ್ಲ ಅನ್ನಲಿಲ್ಲ. "ಆಯ್ತಪ್ಪ," ಅಂದ. ಹಸ್ತಪ್ರತಿಯನ್ನು ಮಂಚದ ಕಾಲ ಬಳಿ ಇಟ್ಟು ಹೋದ. ಕಂಪನಿಯನ್ನೂ ಬಿಟ್ಟನಂತೆ.

ನಿನ್ನತ್ತಿಗೆ ಅಂದಿನಿಂದ ನನ್ನ ಜೊತೆ ಮಾತಾಡುವುದಿಲ್ಲ. ಮಾತ್ರೆ ಕೊಡುತ್ತಾಳೆ, ನುಂಗುವ ತನಕ ನೋಡುತ್ತಾಳೆ, ಹೋಗುತ್ತಾಳೆ. "ಹೇಳಿದ್ದು ಅವರೇ ಆಗಿದ್ರೂ ಅವರ ಕಾಲಿಗೆ ಬೀಳಬೇಕಿತ್ತು ನೀವು," ಎಂದು ಅವತ್ತು ಅಂದಳು. ಅಷ್ಟೇ.

ಮಾತು ಕಲಿಸುವ ಟೀಚರ್ ದಿನಾ ಬರುತ್ತಾಳೆ. ಚಿಕ್ಕ ಹುಡುಗಿ. ಚಿತ್ರ ತೋರಿಸುತ್ತಾಳೆ. ಬಾಚಣಿಗೆ ನೋಡಿ "ಕುದುರೆ" ಅಂದೆ. ಅವಳು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ನಾಳೆ ನಾಟಕ. ಆರುನೂರು ಸಾಲೂ ತಲೆಯಲ್ಲಿವೆ ಕಣೇ. ಮೊದಲಿಂದ ಕೊನೆವರೆಗೆ, ತಪ್ಪಿಲ್ಲದೆ. ಹೊರಗೆ ಬರುವ ಬಾಗಿಲೊಂದೇ ಇಲ್ಲ. ಬೆನ್ನ ಹಿಂದೆಯೂ ಯಾರಿಲ್ಲ.


ಏಪ್ರಿಲ್ ೨೯

ಅಣ್ಣ,

ಇದ್ದದ್ದು ಇದ್ದ ಹಾಗೆ ಬರೆ ಎಂದು ನಿನಗೆ ಬುದ್ಧಿ ಹೇಳಿದವಳು ನಾನು. ಈಗ ನನ್ನ ಸರದಿ.

ಡಾಕ್ಟರಮ್ಮನಿಗೆ ಹೇಳಿದವಳು ನಾನೇ.

ಒಂಬತ್ತನೇ ತಾರೀಕು ದೋಣಿ ಹೊರಟ ಮೇಲೆ ರೇಡಿಯೊ ಕೋಣೆಗೆ ಹೋದೆ. ಅಲ್ಲಿಂದ ಹೋಗಬೇಕಾದದ್ದು ಹವಾಮಾನದ ವರದಿ ಮಾತ್ರ. ಇಲ್ಲವೇ ಹಡಗಿಗೆ ಅಪಾಯವಿದ್ದರೆ ಅದರ ಸುದ್ದಿ. ನಮ್ಮ ಮೇಲಧಿಕಾರಿ ಬಾಗಿಲಿಗೆ ಅಡ್ಡ ನಿಂತರು.

"ಸ್ವಂತ ಸಮಾಚಾರಕ್ಕೆಲ್ಲ ಇದನ್ನ ಮುಟ್ಟೋ ಹಾಗಿಲ್ಲ ಕಣಮ್ಮ. ನಿಮ್ಮಣ್ಣ ಏನು ಮುಳುಗ್ತಿರೋ ಹಡಗಾ?"

"ಹೌದು ಸಾರ್. ಜನ ಎಲ್ಲ ದಡದಲ್ಲಿ ನಿಂತು ಚಪ್ಪಾಳೆ ಹೊಡೀತಿದ್ದಾರೆ."

ಅವರು ನಿನ್ನ ಪತ್ರವನ್ನು ಕೇಳಿ ಓದಿದರು. ಕೀಲಿಕೈ ಬರುವಲ್ಲಿ ನಕ್ಕರು. ಗುಲಾಬಿ ಮಾತ್ರೆ ಬರುವಲ್ಲಿ ನಗು ನಿಂತಿತು. ಸರಿದು ದಾರಿ ಬಿಟ್ಟರು. ಕರಾವಳಿ ಕಚೇರಿಯವನು ನನ್ನ ಮಾತನ್ನು ಎರಡು ಸಲ ಹೇಳಿಸಿ ಬರೆದುಕೊಂಡು, ಆಸ್ಪತ್ರೆಗೆ ಫೋನು ಮಾಡಿದ. ಕೊನೆಯಲ್ಲಿ, "ಯಾರು ಹೇಳಿದ್ದು ಅಂತ ತಿಳಿಸಲೇನಮ್ಮಾ?" ಅಂದ.

ಬೇಡ ಅಂದೆ.

ಆ ಒಂದು ಮಾತನ್ನು ಯಾಕೆ ಆಡಿದೆ? ನಿನ್ನ ಕೋಪಕ್ಕೆ ಹೆದರಿದೆ. ನೀನು ಬರೆಯುವುದನ್ನು ನಿಲ್ಲಿಸಿದರೆ ಹತ್ತು ದಿನಕ್ಕೊಮ್ಮೆ ಬರುವ ಆ ಚೀಲದಲ್ಲಿ ನನಗಾಗಿ ಏನೂ ಇರುವುದಿಲ್ಲ ಎಂದು ಹೆದರಿದೆ. ಹತ್ತೊಂಬತ್ತಕ್ಕೆ ನಿನ್ನ ಪತ್ರ ಓದಿದಾಗ ಹೇಳಬಹುದಿತ್ತು. "ಯಾರಾದರೇನು" ಎಂದು ಬರೆದೆ. ಅದು ನಿನ್ನ ಒಳ್ಳೆಯದಕ್ಕಲ್ಲ, ನಾನು ಮರೆಯಲ್ಲಿ ನಿಲ್ಲುವುದಕ್ಕೆ. ನಿಮ್ಮ ಕಂಪನಿಯ ಕಾನೂನು ಬಂಡೆಯ ಮೇಲೂ ನಡೆಯುತ್ತದೆ, ನೋಡು.

ಪಿಸುರಾಯ ಹೇಳಿಲ್ಲ. ಅವನು ಯಾಕೆ ಸುಮ್ಮನೆ ತಲೆ ಬಾಗಿಸಿ ಹೋದನೋ ನನಗೆ ತಿಳಿಯದು. ಹೋಗಿ ಕೇಳು.

ಕೋಪವಿದ್ದರೆ ನನ್ನ ಮೇಲಿರಲಿ. ಬರೆಯದಿದ್ದರೂ ಸರಿ, ಮಾತ್ರೆ ಬಿಡಬೇಡ.

ತಂಗಿ


ಮೇ ೫

ತಂಗಿ,

ನಿನ್ನ ಕಾಗದ ಮೂರು ಸಲ ಓದಿದೆ. ನಿನ್ನ ಮೇಲೆ ಕೋಪ ಇದೆ. ನಾನು ಬದುಕಿದ್ದೇನೆ. ಎರಡೂ ಇವೆ. ಒಂದನ್ನೊಂದು ಕಳೆಯಲು ಬರುತ್ತಿಲ್ಲ.

ಇವತ್ತು ಪಿಸುರಾಯನ ಮನೆಗೆ ಹೋದೆ. ನಿನ್ನತ್ತಿಗೆ ಜೊತೆಗೆ ಬಂದಳು, ಮನೆಯ ತಿರುವಿನಲ್ಲೇ ನಿಂತಳು. "ಒಳಗೆ ನೀವೊಬ್ರೇ ಹೋಗಿ," ಅಂದಳು.

ಬಾಗಿಲು ಅವನೇ ತೆಗೆದ. ಕುರ್ಚಿ ಎಳೆದು ಕೊಟ್ಟ. ಮೂವತ್ತು ವರ್ಷದಲ್ಲಿ ಅವನು ನನ್ನ ಎದುರಿಗೆ ಕೂತದ್ದು ಇದೇ ಮೊದಲೇನೋ. ಮುಖ ನೋಡಿದೆ. ಮುದುಕನಾಗಿದ್ದಾನೆ. ನನಗೆ ಗೊತ್ತೇ ಇರಲಿಲ್ಲ.

ಜೇಬಿನಲ್ಲಿ ಚೀಟಿ ಇತ್ತು. ಮನೆಯಲ್ಲೇ ಬರೆದಿಟ್ಟುಕೊಂಡಿದ್ದೆ. "ನೀನಲ್ಲ ಅಂತ ಗೊತ್ತಾಯಿತು. ತಪ್ಪಾಯಿತು." ಕೊಟ್ಟೆ. ಓದಿದ. ಮಡಿಸಿ ನನ್ನ ಕೈಗೇ ವಾಪಸ್ ಕೊಟ್ಟ.

"ಹೌದು, ನಾನು ಹೇಳ್ಲಿಲ್ಲ," ಅಂದ. "ಆ ಮೆಟ್ಟಿಲ ಮೇಲೆ ನಿನ್ನನ್ನ ಬಿಟ್ಟು ಮತ್ತೆ ಒಳಗೆ ಹೋಗಿ ಹೇಳ್ಬೇಕಾಗಿತ್ತು. ಹೇಳ್ಲಿಲ್ಲ. ಐದು ದಿನ ಕೂತೆ. ವಾರ್ಡಲ್ಲಿ ನೀನು ಬೆರಳು ತೋರಿಸ್ದಾಗ, ಅಯ್ಯೋ ಹೇಳಿದವನು ನಾನೇ ಆಗಿದ್ರೆ ಎಷ್ಟು ಚೆನ್ನಾಗಿತ್ತು ಅನ್ನಿಸ್ತು. ಅದಕ್ಕೇ ಬೈಸ್ಕೊಂಡೆ."

ಅವನಿಗೆ ಉತ್ತರ ಕೊಡಬೇಕಿತ್ತು. ಚೀಟಿಯಲ್ಲಿದ್ದ ಆ ಕೊನೆಯ ಒಂದೇ ಮಾತು. ಬಾಯಿ ತೆರೆದೆ. ಬರಲಿಲ್ಲ. "ತ" ಅಂದೆ. ಮತ್ತೆ "ತ". ಬೆವರಿದೆ. ಅವನ ಹೆಂಡತಿ ಅಡಿಗೆಮನೆಯಿಂದ ಇಣುಕಿ ನೋಡಿ ಒಳಗೆ ಹೋದಳು.

ಅವನ ತುಟಿ ಅಲುಗಿತು. ಮಾತು ಅವನ ನಾಲಿಗೆಯ ತುದಿಯಲ್ಲೇ ಇತ್ತು, ನನಗೆ ಕಂಡಿತು. ಮುಂದಕ್ಕೆ ಬಾಗಿದ. ನಾನು ಅಭ್ಯಾಸದಿಂದ ಎಡಗಿವಿ ಅವನತ್ತ ತಿರುಗಿಸಿಬಿಟ್ಟೆ ಕಣೇ.

ಅವನು ಅಂಗೈಯಿಂದ ತನ್ನ ಬಾಯಿ ಮುಚ್ಚಿಕೊಂಡ. ಕಣ್ಣಲ್ಲಿ ನೀರು. ಹಾಗೆಯೇ ಕೂತ. ಕಾದ.

ಎಷ್ಟು ಹೊತ್ತೋ. ಮಾತು ಬರಲಿಲ್ಲ.

ಎದ್ದೆ. ಬಾಗಿಲವರೆಗೆ ಬಂದ. "ನಾಳೆ ಬಾ. ನಾಡಿದ್ದೂ ಬಾ," ಅಂದ. "ನಾನು ಹೇಳಿಕೊಡಲ್ಲ."

ನಾಳೆ ಹತ್ತು ಗಂಟೆಗೆ ಹೋಗುತ್ತೇನೆ.

ಅಣ್ಣ